ನೈಟ್ರೋ ಕಾರಿನ ಗ್ಲೋ ಇಗ್ನೈಟರ್: ಯಾವ ಬ್ಯಾಟರಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ?

ನೈಟ್ರೋ ಕಾರು, ಅಂದರೆ ಸಣ್ಣ ಎಂಜಿನ್ ಇರುವ ರಿಮೋಟ್ ಕಂಟ್ರೋಲ್ ಮಾಡೆಲ್ ಕಾರು, ಸ್ಟಾರ್ಟ್ ಆಗಲಿಲ್ಲ ಅಂದರೆ ಎಲ್ಲರ ಕೈ ಮೊದಲು ಹೋಗುವುದು ಫ್ಯೂಯಲ್ ಎಷ್ಟು ಹೋಗಬೇಕು ಅಂತ ಹೊಂದಿಸುವ ಸ್ಕ್ರೂ, ಅಂದರೆ ನೀಡಲ್ ಕಡೆಗೆ. ಸ್ವಲ್ಪ ಬಿಗಿ ಮಾಡು, ಸ್ವಲ್ಪ ಸಡಿಲ ಮಾಡು, ಮತ್ತೆ ಹಗ್ಗ ಎಳಿ. ಅಷ್ಟರಲ್ಲಿ ಎಂಜಿನ್ ಒಳಗೆ ಫ್ಯೂಯಲ್ ತುಂಬಿಕೊಂಡು ಹಗ್ಗ ಅಲ್ಲಾಡದೆ ನಿಲ್ಲುತ್ತದೆ, ಬಲವಂತ ಮಾಡಿದರೆ ಪುಲ್ ಸ್ಟಾರ್ಟರ್ ಹಾಳು. ಇಂಥ ಎಷ್ಟೋ ಕಡೆ ನೀಡಲ್ ಸರಿಯಾಗಿಯೇ ಇರುತ್ತದೆ. ಫ್ಯೂಯಲ್‌ಗೆ ಬೆಂಕಿ ಹೊತ್ತಿಸುವ ಗ್ಲೋ ಪ್ಲಗ್ ಕಾಯುತ್ತಿಲ್ಲ, ಅಷ್ಟೇ. ಪ್ಲಗ್ ಕಾಯಿಸಲು ಎಂಜಿನ್ ಹೆಡ್ ಮೇಲೆ ಸಿಕ್ಕಿಸಿದ ಇಗ್ನೈಟರ್‌ನ ಬ್ಯಾಟರಿ ಇಳಿದಿರುತ್ತದೆ, ಇಲ್ಲವೇ ಆ ಬ್ಯಾಟರಿಗೆ ಮೊದಲಿನಿಂದಲೂ ಆ ಕೆಲಸ ಮಾಡುವ ಶಕ್ತಿ ಇರುವುದಿಲ್ಲ.

ನಾನು ಬೆಂಗಳೂರಲ್ಲಿ ಓಡಿಸುವುದು ಒಂದು 3.5 ಸಿಸಿ ಬಗ್ಗಿ, ಒಂದು 2.5 ಸಿಸಿ ಟ್ರಕ್. ಎರಡಕ್ಕೂ ಹಗ್ಗದ ಸ್ಟಾರ್ಟರ್. ಈ ಎರಡರ ಮೇಲೂ ಸಿಗುವ ಎಲ್ಲ ಬಗೆಯ ಬ್ಯಾಟರಿಗಳನ್ನು ಹಾಕಿ ನೋಡಿದ್ದೇನೆ. ಹೊಸದಾಗಿ ತೆಗೆದುಕೊಳ್ಳುವವರು ಡಬ್ಬಿಯ ಮೇಲಿನ ದೊಡ್ಡ ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ) ನಂಬರ್ ನೋಡಿ ದುಡ್ಡು ಕೊಡುತ್ತಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪ್ಲಗ್‌ಗೆ ಏನು ಬೇಕು ಅಂತ ನೋಡೋಣ. ಗ್ಲೋ ಪ್ಲಗ್ ಒಳಗಿರುವುದು ಪ್ಲಾಟಿನಂ ಮಿಶ್ರಲೋಹದ ಸಣ್ಣ ಸುರುಳಿ. ಎಂಜಿನ್ ಒಮ್ಮೆ ಓಡತೊಡಗಿದರೆ ಫ್ಯೂಯಲ್‌ನಲ್ಲಿರುವ ಮೆಥನಾಲ್ ಆವಿ ಆ ಪ್ಲಾಟಿನಂಗೆ ತಾಗಿ ಆಗುವ ರಾಸಾಯನಿಕ ಕ್ರಿಯೆ ಮತ್ತು ಒಳಗಿನ ಬೆಂಕಿಯ ಕಾವು ಸೇರಿ ಸುರುಳಿಯನ್ನು ಕೆಂಪಾಗಿಯೇ ಇಡುತ್ತವೆ. ಬ್ಯಾಟರಿ ಬೇಕಾಗುವುದು ಸ್ಟಾರ್ಟ್ ಮಾಡುವ ಹೊತ್ತಿಗೆ ಮಾತ್ರ. ಸುಮಾರು 1.2ರಿಂದ 1.5 ವೋಲ್ಟ್, ಕರೆಂಟ್ ಹತ್ತಿರ ಹತ್ತಿರ 3 ಆಂಪಿಯರ್. ಅರ್ಧ ನಿಮಿಷ 3 ಆಂಪಿಯರ್ ಹರಿದರೆ ಖರ್ಚಾಗುವುದು 25 ಎಂಎಎಚ್. 1800 ಎಂಎಎಚ್ ಸೆಲ್ ಒಂದನ್ನು ಪೂರ್ತಿ ಚಾರ್ಜ್ ಮಾಡಿದ್ದರೆ ಒಂದು ಭಾನುವಾರಕ್ಕೆ ಧಾರಾಳ ಸಾಕು. ಹಾಗಾಗಿ 5000 ಎಂಎಎಚ್ ಅಂತ ಬರೆದಿದ್ದಕ್ಕೆ ಜಾಸ್ತಿ ದುಡ್ಡು ಸುರಿಯಬೇಕಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: 3 ಆಂಪಿಯರ್ ಎಳೆದಾಗ ಈ ಬ್ಯಾಟರಿಯ ವೋಲ್ಟೇಜ್ ಎಷ್ಟಕ್ಕೆ ಕುಸಿಯುತ್ತದೆ? ಮೂಲೆಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೂ ಚಾರ್ಜ್ ಉಳಿಯುತ್ತದಾ?

ಇದನ್ನು ನೋಡುವುದು ಸುಲಭ. ಪ್ಲಗ್ ಬಿಚ್ಚಿ ಒರೆಸಿ, ಫ್ಯೂಯಲ್ ಬಾಟಲಿಯಿಂದ ದೂರ ಹೋಗಿ, ಇಕ್ಕಳದಲ್ಲಿ ಹಿಡಿದು ಇಗ್ನೈಟರ್ ಸಿಕ್ಕಿಸಿ. ಮೆಥನಾಲ್ ಬೆಂಕಿ ಹಗಲು ಬೆಳಕಲ್ಲಿ ಕಣ್ಣಿಗೇ ಕಾಣುವುದಿಲ್ಲ, ಆದ್ದರಿಂದ ದೂರ ಅಂದರೆ ನಿಜವಾಗಿಯೂ ದೂರ. ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಪ್ಲಗ್‌ನ ತುದಿಗೆ, ಇನ್ನೊಂದನ್ನು ಅದರ ಮೈಗೆ ಒತ್ತಿ ಅರ್ಧ ನಿಮಿಷ ನೋಡುತ್ತಿರಿ. ಸುರುಳಿ ಹೊಳೆಯುವ ಕಿತ್ತಳೆ ಬಣ್ಣಕ್ಕೆ ಬಂದು ಹಾಗೇ ನಿಂತರೆ ಒಳ್ಳೆಯದು. ಮಂಕು ಕೆಂಪಿಗೆ ಇಳಿದರೆ ಆ ಬ್ಯಾಟರಿಯಿಂದ ಎಂಜಿನ್ ಏಳುವುದಿಲ್ಲ, ಎದ್ದರೂ ನಿಮ್ಮ ಭುಜ ಹೋಗಿರುತ್ತದೆ.

ಈಗ ಒಂದೊಂದಾಗಿ. ಟಾರ್ಚ್‌ಗೆ ಹಾಕುವ ದಪ್ಪ ಡಿ ಸೈಜ್ ಸೆಲ್‌ಗೆ ವೈರ್ ಬೆಸೆದು ಕ್ಲಿಪ್ ಹಾಕಿಕೊಳ್ಳುವುದು ಹಳೇ ಜುಗಾಡು. ಸೆಲ್ ಮೇಲೆ 1.5 ವೋಲ್ಟ್ ಅಂತಲೇ ಇರುತ್ತದೆ, ಪ್ಲಗ್‌ಗೆ ಬೇಕಾದದ್ದೂ ಅಷ್ಟೇ ಅಲ್ವಾ ಅನಿಸುತ್ತದೆ. ಆದರೆ ಲೋಡ್ ಬಿದ್ದ ಕೂಡಲೇ ಕಥೆ ಬದಲಾಗುತ್ತದೆ. ಹೊಸ ಆಲ್ಕಲೈನ್ ಸೆಲ್ ಕೂಡ ಪ್ಲಗ್ ಸಿಕ್ಕಿಸಿದ ತಕ್ಷಣ 1.1ರ ಆಸುಪಾಸಿಗೆ ಬಂತು, ಆಮೇಲೆ ಇಳಿಯುತ್ತಲೇ ಹೋಯಿತು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಜಿಂಕ್ ಕಾರ್ಬನ್ ಸೆಲ್ಲಂತೂ ಈ ಕೆಲಸಕ್ಕೆ ಅಲ್ಲವೇ ಅಲ್ಲ. ಅದರೊಳಗಿನ ರೆಸಿಸ್ಟೆನ್ಸ್ ಇನ್ನೂ ಜಾಸ್ತಿ.

ಎಎ ಸೈಜ್‌ನ ರೀಚಾರ್ಜಬಲ್ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಹಾಕುವ ತೆಳ್ಳಗಿನ ಇಗ್ನೈಟರ್‌ಗಳೂ ಬರುತ್ತವೆ. ಇವುಗಳ ಬಗ್ಗೆ ನನಗೆ ಕೆಟ್ಟ ಅಭಿಪ್ರಾಯವಿತ್ತು, ಓಡಿಸಿ ನೋಡಿದ ಮೇಲೆ ಅದು ಬದಲಾಗಿದೆ. ಒಳಗೆ ಎನೆಲೂಪ್ ತರಹದ, ಚಾರ್ಜ್ ತಾನಾಗಿ ಸೋರಿಹೋಗದ ಸೆಲ್ ಹಾಕಿದರೆ ಸಣ್ಣ ಎಂಜಿನ್‌ಗೆ ಚೆನ್ನಾಗಿಯೇ ನಡೆಯುತ್ತದೆ. ಆ ಬಗೆಯ ಸೆಲ್ 2005ರಲ್ಲಿ ಬಂದ ಮೇಲೆ ಕಪಾಟಿನಲ್ಲಿ ಬಿದ್ದು ಖಾಲಿಯಾಗುವ ತೊಂದರೆ ದೊಡ್ಡ ಮಟ್ಟಿಗೆ ತಪ್ಪಿತು. ನನ್ನ 2.5 ಸಿಸಿ ಟ್ರಕ್ ಇದರಲ್ಲೇ ಆರಾಮಾಗಿ ಏಳುತ್ತದೆ. ತೊಂದರೆ ಇರುವುದು ಸೆಲ್‌ನಲ್ಲಿ ಅಲ್ಲ, ಸೆಲ್ ಕೂರುವ ಜಾಗದ ಸ್ಪ್ರಿಂಗಿನಲ್ಲಿ. ತೆಳು ಸ್ಪ್ರಿಂಗ್, ಅದರ ಮೇಲೆ ಎಣ್ಣೆ ಕೈ. ಅಲ್ಲಿ 0.05 ಓಮ್ ಸೇರಿಕೊಂಡರೂ 3 ಆಂಪಿಯರ್‌ಗೆ 0.15 ವೋಲ್ಟ್ ಅಲ್ಲೇ ಮಾಯ. ಇರುವುದೇ 1.2, ಅದರಲ್ಲಿ ಇಷ್ಟು ಹೋದರೆ ಪ್ಲಗ್‌ಗೆ ಉಳಿಯುವುದೇನು? ಎಂಜಿನ್ ಸ್ವಲ್ಪ ಫ್ಲಡ್ ಆಗಿದ್ದರೆ, ಅಂದರೆ ಒಳಗೆ ಫ್ಯೂಯಲ್ ತುಂಬಿಕೊಂಡಿದ್ದರೆ, ಇದು ಕೈ ಚೆಲ್ಲುತ್ತದೆ. ಒದ್ದೆ ಸುರುಳಿಯನ್ನು ಒಣಗಿಸಿ ಕೆಂಪು ಮಾಡುವಷ್ಟು ಮಿಗುತಾಯ ಅದಕ್ಕಿಲ್ಲ.

ನನ್ನ ಬಗ್ಗಿಗೆ ನಾನು ಇಟ್ಟುಕೊಂಡಿರುವುದು ಸಬ್ ಸಿ ಸೆಲ್‌ನ ಇಗ್ನೈಟರ್, ಅದೂ ಮೇಲೆ ಮುಳ್ಳಿನ ಮೀಟರ್ ಇರುವುದು. ಸಬ್ ಸಿ ಅಂದರೆ ಹಳೇ ಕಾರ್ಡ್‌ಲೆಸ್ ಡ್ರಿಲ್ ಮಷಿನ್ ಪ್ಯಾಕಿನಲ್ಲಿ ಸಾಲಾಗಿ ಇರುತ್ತಲ್ಲ, ಅದೇ ಗಿಡ್ಡ ದಪ್ಪ ಸೆಲ್. ಜೋರಾಗಿ ಕರೆಂಟ್ ಕೊಡಲೆಂದೇ ಮಾಡಿದ್ದು. 3 ಆಂಪಿಯರ್ ಎಳೆದರೆ ಅದಕ್ಕೆ ಲೆಕ್ಕಕ್ಕೇ ಇಲ್ಲ, ಮಲ್ಟಿಮೀಟರ್‌ನಲ್ಲಿ 1.2 ಹೆಚ್ಚುಕಡಿಮೆ ನಿಂತ ಜಾಗದಲ್ಲೇ ನಿಲ್ಲುತ್ತದೆ. ಇದರಲ್ಲೂ ಎರಡು ಬಗೆ. ನಿಕಲ್ ಕ್ಯಾಡ್ಮಿಯಂ ಒರಟು ಬಳಕೆ ತಡೆಯುತ್ತದೆ, ಆದರೆ ಕ್ಯಾಡ್ಮಿಯಂ ವಿಷ. ಯುರೋಪಿನಲ್ಲಿ ಕಾರ್ಡ್‌ಲೆಸ್ ಟೂಲ್‌ಗಳಿಗೆ ಇದ್ದ ವಿನಾಯಿತಿಯೂ 2016ರ ಕೊನೆಗೆ ಮುಗಿಯಿತು, ಹಾಗಾಗಿ ಹೊಸದು ಈಗ ಅಪರೂಪ. ಹಳೆಯದು ಮನೆಯಲ್ಲಿದ್ದರೆ ದಯವಿಟ್ಟು ಕಸದ ಬುಟ್ಟಿಗೆ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಮೆಟಲ್ ಹೈಡ್ರೈಡ್ ಸಬ್ ಸಿ ಈಗ ಎಲ್ಲ ಕಡೆ ಸಿಗುತ್ತದೆ. ಅದರ ಕೊರತೆ ಒಂದೇ, ಸುಮ್ನೆ ಇಟ್ಟರೂ ಚಾರ್ಜ್ ಇಳಿಯುತ್ತದೆ. ಓಡಿಸುವ ಹಿಂದಿನ ದಿನ ಚಾರ್ಜ್‌ಗೆ ಹಾಕುವ ಅಭ್ಯಾಸ ಬೇಕು.

ಆ ಮೀಟರ್ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಬ್ಯಾಟರಿಯಷ್ಟೇ ಬೆಲೆ ಬಾಳುವುದು ಅದು. ಇಗ್ನೈಟರ್ ಸಿಕ್ಕಿಸಿದಾಗ ಮುಳ್ಳು ಅಲ್ಲಾಡದಿದ್ದರೆ ಒಂದೋ ಸುರುಳಿ ತುಂಡಾಗಿದೆ, ಇಲ್ಲವೇ ಕ್ಲಿಪ್ ಸರಿಯಾಗಿ ಕೂತಿಲ್ಲ. ಮುಳ್ಳು ಯಾವಾಗಲೂ ಬರುವ ಜಾಗಕ್ಕಿಂತ ಸ್ವಲ್ಪ ಮೇಲಕ್ಕೆ ಹೋಗಿ ಅಲ್ಲೇ ನಿಂತರೆ ಸುರುಳಿ ಒದ್ದೆಯಾಗಿದೆ ಅಂತ ಅರ್ಥ. ತಣ್ಣಗಿರುವ ಸುರುಳಿಗೆ ರೆಸಿಸ್ಟೆನ್ಸ್ ಕಡಿಮೆ, ಹಾಗಾಗಿ ಕರೆಂಟ್ ಜಾಸ್ತಿ ಎಳೆಯುತ್ತದೆ. ಆಗ ಹಗ್ಗ ಎಳೆಯುವುದು ಬಿಟ್ಟು ಪ್ಲಗ್ ಬಿಚ್ಚಿ, ಕಾರು ತಲೆಕೆಳಗು ಮಾಡಿ ಫ್ಯೂಯಲ್ ಹೊರಹಾಕಿ. ಹೆಡ್ ಒಳಗೆ ಏನಾಗುತ್ತಿದೆ ಅಂತ ಹೊರಗಿನಿಂದ ತಿಳಿಯಲು ಬೇರೆ ದಾರಿ ಇಲ್ಲ. ಕೆಲವು ಮಾಡೆಲ್‌ಗಳಲ್ಲಿ ಮುಳ್ಳು ತೋರಿಸುವುದು ಬ್ಯಾಟರಿಯ ವೋಲ್ಟೇಜ್ ಮಾತ್ರ, ಅದರಿಂದ ಈ ಲಾಭ ಸಿಗುವುದಿಲ್ಲ. ಆಂಪಿಯರ್ ಮೀಟರ್ ಹೌದಾ ಅಂತ ಕೇಳಿಯೇ ತೆಗೆದುಕೊಳ್ಳಿ.

ಲಿಥಿಯಂ ಅಯಾನ್ ಇಗ್ನೈಟರ್‌ಗಳನ್ನು ಈಗ ಜಾಸ್ತಿ ಜನ ಕೊಳ್ಳುತ್ತಿದ್ದಾರೆ. ಸೆಲ್ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಇರುತ್ತದೆ, ಅದನ್ನು ನೇರ ಕೊಟ್ಟರೆ ಸುರುಳಿ ಕಣ್ಣು ಮಿಟುಕಿಸುವಷ್ಟರಲ್ಲಿ ಸುಟ್ಟುಹೋಗುತ್ತದೆ. ಅದಕ್ಕೆ ಒಳಗೊಂದು ಸರ್ಕ್ಯೂಟ್ ಇದ್ದು ವೋಲ್ಟೇಜನ್ನು 1.5ರ ಹತ್ತಿರಕ್ಕೆ ಇಳಿಸುತ್ತದೆ. ಸರ್ಕ್ಯೂಟ್ ಚೆನ್ನಾಗಿದ್ದರೆ ಇದು ನಿಜಕ್ಕೂ ಒಳ್ಳೆಯ ಸಾಮಾನು. ಸೆಲ್ ಅರ್ಧ ಖಾಲಿಯಾದರೂ ಪ್ಲಗ್‌ಗೆ ಹೋಗುವ ವೋಲ್ಟೇಜ್ ಹಾಗೇ ಇರುತ್ತದೆ, ತಿಂಗಳುಗಟ್ಟಲೆ ಮುಟ್ಟದಿದ್ದರೂ ಚಾರ್ಜ್ ಉಳಿದಿರುತ್ತದೆ. ಮಳೆಗಾಲದಲ್ಲಿ ಕಾರು ಮೂಲೆ ಸೇರಿ ದೀಪಾವಳಿ ಹೊತ್ತಿಗೆ ಹೊರಬರುವ ನಮ್ಮಂಥವರಿಗೆ ಇದು ಸಣ್ಣ ಅನುಕೂಲವಲ್ಲ. ನನಗೆ ಹಿಡಿಸದ್ದು ಎರಡು. ಖಾಲಿಯಾಗುವ ಮುನ್ಸೂಚನೆ ಕೊಡದೆ ಒಮ್ಮೆಗೇ ನಿಂತುಬಿಡುತ್ತದೆ. ಮತ್ತೆ ಅಗ್ಗದವುಗಳಲ್ಲಿ ಒದ್ದೆ ಪ್ಲಗ್ ಸಿಕ್ಕಿಸಿದಾಗ ಸರ್ಕ್ಯೂಟೇ ಹಿಂದೆ ಸರಿಯುತ್ತದೆ, ಸಬ್ ಸಿ ಸೆಲ್ ಮುನ್ನುಗ್ಗುವ ಹೊತ್ತಿಗೆ ಇದು ಕರೆಂಟ್ ಕಡಿಮೆ ಮಾಡಿ ಕೂರುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲಂತೂ ಇಡಲೇಬೇಡಿ.

12 ವೋಲ್ಟ್ 7 ಎಎಚ್ ಯುಪಿಎಸ್ ಬ್ಯಾಟರಿಗೆ ಪವರ್ ಪ್ಯಾನೆಲ್, ಅಂದರೆ ಪ್ಲಗ್‌ಗೆ ಹೋಗುವ ಕರೆಂಟ್ ಹೊಂದಿಸುವ ಪೆಟ್ಟಿಗೆ, ಜೋಡಿಸಿಕೊಳ್ಳುವುದು ಮಾಡೆಲ್ ವಿಮಾನ ಹಾರಿಸುವವರ ಪದ್ಧತಿ. ಒಂದೇ ಟೇಬಲ್ ಹತ್ತಿರ ನಾಲ್ಕಾರು ಕಾರು ಸೇರುವ ಕಡೆ, ಕಾರನ್ನು ಮೇಲಿಟ್ಟು ಮೋಟರ್‌ನಿಂದ ಎಂಜಿನ್ ತಿರುಗಿಸುವ ಸ್ಟಾರ್ಟರ್ ಬಾಕ್ಸ್ ಕೂಡ ಇದ್ದರೆ, ಇದಕ್ಕೆ ಸಾಟಿ ಇಲ್ಲ. ನಾಬ್ ತಿರುಗಿಸಿ ಕರೆಂಟ್ ಏರಿಸಬಹುದು, ಒದ್ದೆ ಪ್ಲಗ್ಗೂ ಒಣಗುತ್ತದೆ. ಆದರೆ ಕಾರು ಮೈದಾನದ ಆ ತುದಿಯಲ್ಲಿ ನಿಂತರೆ ಹೊತ್ತು ತರಬೇಕು, ಎರಡು ಕೆಜಿ ಬ್ಯಾಟರಿ ಹಿಡಿದು ಓಡುವುದಕ್ಕೆ ಆಗುವುದಿಲ್ಲ. ಒಬ್ಬನೇ ಓಡಿಸುವವನಿಗೆ ಬೇಡ. ಹಳಬರು ಬಳಸುತ್ತಿದ್ದ 2 ವೋಲ್ಟಿನ ಲೆಡ್ ಆಸಿಡ್ ಸೆಲ್ಲೂ ಬೇಡ. ಅವರು ಉದ್ದ ವೈರ್ ಹಾಕಿ ವೋಲ್ಟೇಜ್ ಇಳಿಸಿಕೊಳ್ಳುತ್ತಿದ್ದರು, ಗಿಡ್ಡ ಕ್ಲಿಪ್‌ನಲ್ಲಿ ಅದು ಪ್ಲಗ್ ತಿನ್ನುತ್ತದೆ.

ಟ್ರಾಕ್ಸಸ್ ಕಂಪನಿಯ ಇಝಿ-ಸ್ಟಾರ್ಟ್, ಅಂದರೆ ಹಗ್ಗದ ಬದಲು ಮೋಟರ್‌ನಿಂದ ಸ್ಟಾರ್ಟ್ ಮಾಡುವ ವ್ಯವಸ್ಥೆ, ಇರುವವರಿಗೆ ಬೇರೆ ಇಗ್ನೈಟರ್ ಬೇಕಿಲ್ಲ. ಒಂದೇ 7.2 ವೋಲ್ಟ್ ಪ್ಯಾಕ್ ಮೋಟರ್ ತಿರುಗಿಸಿ ಪ್ಲಗ್ಗನ್ನೂ ಕಾಯಿಸುತ್ತದೆ. ಪ್ಯಾಕ್ ಹಳತಾದರೆ ಎರಡೂ ಒಟ್ಟಿಗೆ ಸೊರಗುತ್ತವೆ, ಅಷ್ಟು ನೆನಪಿಟ್ಟರೆ ಸಾಕು.

ಹೊಸಬರು ಕೇಳಿದರೆ ನಾನು ಸಬ್ ಸಿ ಮತ್ತು ಆಂಪಿಯರ್ ಮೀಟರ್ ಇರುವುದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ವರ್ಷಕ್ಕೆ ಎರಡು ಮೂರು ಸಲ ಮಾತ್ರ ಓಡಿಸುವವರಾದರೆ ಒಳ್ಳೆ ಲಿಥಿಯಂ. ಎಎ ಇಗ್ನೈಟರ್ ಎರಡನೆಯದಾಗಿ ಬ್ಯಾಗಿನಲ್ಲಿರಲಿ. ಕೊಳ್ಳುವ ಮೊದಲು ಇಗ್ನೈಟರ್‌ನ ಕತ್ತಿನ ಉದ್ದ ನೋಡಿ, ಆಳವಾದ ಹೀಟ್‌ಸಿಂಕ್ ಹೆಡ್ ಇದ್ದರೆ ಗಿಡ್ಡ ಇಗ್ನೈಟರ್ ಪ್ಲಗ್‌ವರೆಗೆ ಮುಟ್ಟುವುದೇ ಇಲ್ಲ. ನಿಕಲ್ ಸೆಲ್ ಇಗ್ನೈಟರ್‌ಗಳ ಜೊತೆಗೆ ಬರುವ ಅಡಾಪ್ಟರ್ ಚಾರ್ಜರ್‌ಗಳು ಹೆಚ್ಚಾಗಿ ತಾವಾಗಿ ನಿಲ್ಲುವುದಿಲ್ಲ. 150 ಮಿಲಿಆಂಪಿಯರ್ ಅಡಾಪ್ಟರ್‌ನಲ್ಲಿ ಖಾಲಿಯಾದ 1800 ಸೆಲ್‌ಗೆ ಒಂದು ರಾತ್ರಿ, ಸ್ವಲ್ಪ ಬೆಳಗ್ಗೆ ಸೇರಿಸಿದರೆ ಸಾಕು, ದಿನಗಟ್ಟಲೆ ಬಿಟ್ಟರೆ ಮೆಟಲ್ ಹೈಡ್ರೈಡ್ ಸೆಲ್ ಬೇಗ ಸಾಯುತ್ತದೆ. ಸತ್ತರೂ ಇಗ್ನೈಟರ್ ಎಸೆಯಬೇಡಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬ್ಯಾಟರಿ ಪ್ಯಾಕ್ ಕಟ್ಟುವ ಅಂಗಡಿಗಳಲ್ಲಿ ಲೋಹದ ಪಟ್ಟಿ ಬೆಸೆದ ಸಬ್ ಸಿ ಸೆಲ್ ಕೇಳಿ. ಸೆಲ್ ಮೈಗೆ ನೇರ ಸೋಲ್ಡರ್ ಹಚ್ಚಿದರೆ ಕಾವಿಗೆ ಒಳಗಿನ ಸೀಲ್ ಹಾಳಾಗುತ್ತದೆ, ಪಟ್ಟಿ ಇದ್ದರೆ ಆ ಭಯವಿಲ್ಲ.