ಎಡಗಾಲಿಗೆ ಶಾಕ್‌ವೇವ್, ಬಲಗಾಲಿಗೆ ಟವೆಲ್

ಶಾಕ್‌ವೇವ್ ಚಿಕಿತ್ಸೆ ಮಾಡಿಸಿಕೊಳ್ಳುತ್ತೇನೆ ಎಂದಾಗ ಅತ್ತೆ ಸೌಟು ಹಿಡಿದವರು ಹಾಗೆಯೇ ನಿಂತರು. ‘ಹಿಮ್ಮಡಿ ನೋವಿಗೆ ಕರೆಂಟು ಕೊಡುತ್ತಾರೇನೇ?’ ಕರೆಂಟಲ್ಲ, ಒತ್ತಡದ ಅಲೆ. ಮೂತ್ರಪಿಂಡದ ಕಲ್ಲನ್ನು ಹೊರಗಿನಿಂದಲೇ ಪುಡಿ ಮಾಡುವ ಯಂತ್ರದ ವಂಶದ್ದು ಎಂದು ವಿವರಿಸಿದೆ. 1980ರಲ್ಲಿ ಮ್ಯೂನಿಕ್‌ನಲ್ಲಿ ಮೊದಲ ರೋಗಿಯ ಕಲ್ಲನ್ನು ಒಡೆದ ಆ ಯಂತ್ರವನ್ನು ತಯಾರಿಸಿದ್ದು ಡಾರ್ನಿಯರ್ ಎಂಬ ವಿಮಾನ ಕಂಪನಿ ಎಂಬುದನ್ನೂ ಸೇರಿಸಿದೆ. ‘ಹಾಗಾದರೆ ನಿನ್ನ ಕಾಲಿನಲ್ಲಿ ಕಲ್ಲಿದೆಯೇ?’ ಎಂದರು.

ಕಲ್ಲಿರಲಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಊರುವ ಮೊದಲ ಹೆಜ್ಜೆಗೆ ಮಾತ್ರ ಮೊಳೆ ಹೊಡೆದಂತಾಗುತ್ತಿತ್ತು. ನಾಲ್ಕು ಹೆಜ್ಜೆ ಓಡಾಡಿದರೆ ಸಡಿಲವಾಗುವ ಆ ನೋವು, ಶಾಲೆಯ ಸಿಮೆಂಟ್ ನೆಲದ ಮೇಲೆ ಐದು ಪೀರಿಯಡ್ ನಿಂತ ಮೇಲೆ ಮತ್ತೆ ಹಾಜರು. ಎಕ್ಸ್‌ರೇಯಲ್ಲಿ ಹಿಮ್ಮಡಿಯ ಕೆಳಗೆ ಮುಳ್ಳಿನಂತೆ ಬೆಳೆದ ಮೂಳೆ ಕಾಣಿಸಿತು. ಅದೇ ಅಪರಾಧಿ ಎಂದು ತಿಂಗಳುಗಟ್ಟಲೆ ಅದನ್ನು ಶಪಿಸಿದೆ. ನೋವೇ ಇಲ್ಲದ ಎಷ್ಟೋ ಜನರ ಕಾಲಿನಲ್ಲೂ ಅಂಥ ಮುಳ್ಳಿರುತ್ತದೆ. ನೋಯುವುದು ಅಂಗಾಲಿನ ಉದ್ದಕ್ಕೂ ಹಾದು ಹಿಮ್ಮಡಿಯ ಮೂಳೆಗೆ ಅಂಟಿಕೊಂಡಿರುವ ಗಟ್ಟಿ ಪಟ್ಟಿ, ಪ್ಲಾಂಟರ್ ಫೇಶಿಯಾ.

ಮೊದಲು ಅತ್ತೆಯ ಚಿಕಿತ್ಸೆ: ಕಾದ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಹಾಸಿ, ಅದರ ಮೇಲೆ ಹಿಮ್ಮಡಿ ಊರುವುದು. ಹಿತವಾಗಿತ್ತು, ಅರ್ಧ ಗಂಟೆ.

ಎರಡನೆಯದು ಸ್ಟೆರಾಯ್ಡ್ ಇಂಜೆಕ್ಷನ್. ಸೂಜಿ ಒಳಗಿಳಿಯುವಾಗ ಜೀವ ಬಾಯಿಗೆ ಬಂದಿತ್ತು, ಆದರೆ ಮೂರನೆಯ ದಿನ ನೋವು ಎಲ್ಲಿ ಹೋಯಿತೆಂದು ಹುಡುಕಬೇಕಾಯಿತು. ಅಕ್ಕನ ಮಗಳ ಮದುವೆಯಲ್ಲಿ ಎರಡು ದಿನವೂ ನಿಂತೇ ಬಡಿಸಿದೆ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿರುವ ನನಗೆ ಒಂದು ವಾರ ಸಕ್ಕರೆಯ ಮಟ್ಟ ಏರಿತ್ತು; ಅದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಏಳನೆಯ ವಾರ ಮೊಳೆ ಮರಳಿ ಬಂತು. ಇನ್ನೊಂದು ಕೊಡಿ ಎಂದು ಹೋದರೆ ವೈದ್ಯರೇ ಬೇಡವೆಂದರು. ಪದೇ ಪದೇ ಚುಚ್ಚಿದರೆ ಹಿಮ್ಮಡಿಯ ಕೊಬ್ಬಿನ ಮೆತ್ತೆ ಸವೆಯಬಹುದು, ಆ ಪಟ್ಟಿಯೇ ಹರಿಯಬಹುದು.

ಆಮೇಲೆ ಶಾಕ್‌ವೇವ್. ಫಿಸಿಯೋಥೆರಪಿಸ್ಟ್ ಮೊದಲು ಕೇಳಿದ್ದೇ ಇಂಜೆಕ್ಷನ್ ಯಾವತ್ತು ಆಯಿತೆಂದು. ಸ್ಟೆರಾಯ್ಡ್ ಕೊಟ್ಟ ಬೆನ್ನಲ್ಲೇ ಇದನ್ನು ಮಾಡುವುದಿಲ್ಲ. ಗರ್ಭಿಣಿಯರಿಗೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ. ಇದರಲ್ಲಿ ಎರಡು ಬಗೆ: ಅಲೆಯನ್ನು ಆಳದ ಒಂದು ಬಿಂದುವಿಗೆ ಕೇಂದ್ರೀಕರಿಸುವ ಫೋಕಸ್ಡ್, ಚರ್ಮದಿಂದಲೇ ಹರಡುತ್ತಾ ಒಳಗೆ ಹೋದಂತೆ ದುರ್ಬಲವಾಗುವ ರೇಡಿಯಲ್. ನನಗೆ ಸಿಕ್ಕಿದ್ದು ಎರಡನೆಯದು. ಪಿಸ್ತೂಲಿನಂಥ ಹಿಡಿಕೆಯೊಳಗೆ ಒತ್ತಿಹಿಡಿದ ಗಾಳಿ ಒಂದು ಲೋಹದ ತುಂಡನ್ನು ತುದಿಗೆ ಕುಟ್ಟುತ್ತಲೇ ಇರುತ್ತದೆ. ಒಂದು ಸಲಕ್ಕೆ 2,000 ಪೆಟ್ಟು, ನಾಲ್ಕೈದು ನಿಮಿಷದೊಳಗೆ. ಪಕ್ಕದಲ್ಲೇ ಹೊಲಿಗೆ ಯಂತ್ರ ಓಡಿದ ಹಾಗಿನ ಸದ್ದು, ಆದರೆ ಬಟ್ಟೆಯ ಜಾಗದಲ್ಲಿ ನಿಮ್ಮ ಕಾಲು. ಹುಡುಕಿ ಹುಡುಕಿ ನೋಯುವ ಜಾಗಕ್ಕೇ ಹಿಡಿಯುತ್ತಾರೆ. ಮೊದಲ ಐನೂರು ಪೆಟ್ಟಿಗೆ ಮಂಚದ ಅಂಚನ್ನು ಬಿಗಿಯಾಗಿ ಹಿಡಿದಿದ್ದೆ; ಮುಂದೆ ಜಾಗ ಜೋಮು ಹಿಡಿದಂತಾಗಿ ಒತ್ತಡ ಏರಿಸಿದರೂ ತಡೆಯಬಹುದು.

ವಾರಕ್ಕೊಂದರಂತೆ ನಾಲ್ಕು ಸಲ, ಪ್ರತಿ ಸಲ 1,200 ರೂಪಾಯಿ. ಇನ್ನೊಂದು ಕಡೆ ವಿಚಾರಿಸಿದಾಗ ಹತ್ತು ಸಲದ ಪ್ಯಾಕೇಜ್ ಮುಂದಿಟ್ಟಿದ್ದರು; ಮೂರರಿಂದ ಐದು ಸಾಮಾನ್ಯ ರೂಢಿ ಎಂದು ತಿಳಿದಿದ್ದರಿಂದ ಎದ್ದು ಬಂದಿದ್ದೆ. ಉರಿಯೂತ ತಗ್ಗಿಸುವ ನೋವಿನ ಮಾತ್ರೆಯನ್ನು ಈ ದಿನಗಳಲ್ಲಿ ನುಂಗಬಾರದೆಂದರು, ಏಕೆಂದರೆ ಪೆಟ್ಟಿಗೆ ದೇಹ ಎಚ್ಚೆತ್ತು ರಿಪೇರಿಗೆ ಇಳಿಯಬೇಕೆಂಬುದೇ ಇದರ ಲೆಕ್ಕಾಚಾರ. ಮೂರನೆಯ ಸಲದ ನಂತರವೂ ಮೊಳೆ ಇದ್ದಲ್ಲೇ ಇತ್ತು. ದುಡ್ಡು ನೀರುಪಾಲಾಯಿತೆಂದು ಮನೆಯಲ್ಲಿ ಸಾರಿದೆ. ಶುರುಮಾಡಿದ ಹತ್ತನೆಯ ವಾರವೋ ಏನೋ, ಒಂದು ಬೆಳಿಗ್ಗೆ ಹಾಲು ಕಾಯಿಸಿ, ಕಾಫಿ ಸೋಸಿ, ಕುಳಿತಾಗ ನೆನಪಾಯಿತು: ಎದ್ದಾಗ ಹಿಮ್ಮಡಿ ಚುಚ್ಚಿರಲಿಲ್ಲ.

ಆದರೆ ಪೂರ್ತಿ ಶ್ರೇಯಸ್ಸನ್ನು ಯಂತ್ರಕ್ಕೆ ಕೊಡಲಾರೆ. ಜೊತೆಯಲ್ಲೇ ಒಂದು ವ್ಯಾಯಾಮ ನಡೆದಿತ್ತು. ಮೆಟ್ಟಿಲಂಚಿನಲ್ಲಿ ನಿಂತು, ಬೆರಳುಗಳ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಒಂದೇ ಕಾಲಿನ ಮೇಲೆ ಹಿಮ್ಮಡಿ ಎತ್ತುವುದು: ಮೂರು ಸೆಕೆಂಡು ಏರು, ಎರಡು ಸೆಕೆಂಡು ನಿಲುಗಡೆ, ಮೂರು ಸೆಕೆಂಡು ಇಳಿತ. ಹನ್ನೆರಡು ಸಲದ ಮೂರು ಸುತ್ತು, ದಿನ ಬಿಟ್ಟು ದಿನ. ಡೆನ್ಮಾರ್ಕ್‌ನ ಸಂಶೋಧಕರು ಇದನ್ನು ಅಂಗಾಲು ಎಳೆಯುವ ವ್ಯಾಯಾಮದೊಂದಿಗೆ ಹೋಲಿಸಿದಾಗ ಮೂರು ತಿಂಗಳಲ್ಲಿ ಇದೇ ಮುಂದಿತ್ತು. ವರ್ಷ ತುಂಬುವಾಗ ಎರಡೂ ಸರಿಸಮ.

ಮರುವರ್ಷ ಬಲ ಹಿಮ್ಮಡಿ ಶುರುವಿಟ್ಟುಕೊಂಡಿತು. ಈ ಸಲ ಬರೀ ಟವೆಲ್, ಜೊತೆಗೆ ಮನೆಯೊಳಗೂ ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿ. ಅಡುಗೆಮನೆಗೆ ಚಪ್ಪಲಿಯೇ ಎಂದು ಅತ್ತೆ ಎರಡು ದಿನ ಮಾತು ಬಿಟ್ಟಿದ್ದು ಬೇರೆ ಕಥೆ. ಗುಣವಾಗಲು ನಾಲ್ಕು ತಿಂಗಳು ಹಿಡಿಯಿತು; ಎಡಗಾಲಿಗೆ ಹಿಡಿದದ್ದು ಎರಡೂವರೆ. ಸ್ಪರ್ಧೆ ನ್ಯಾಯದ್ದಲ್ಲ, ಬಲಗಾಲಿನದು ಹೊಸ ನೋವು, ಎಡಗಾಲಿನದು ಹಳೆಯದು. ಅಲ್ಲದೆ ಈ ನೋವು ಬಹುತೇಕರಿಗೆ ವರ್ಷ ಕಳೆಯುವುದರೊಳಗೆ ತಾನಾಗಿಯೇ ಇಳಿಯುತ್ತದೆ. ಆದರೂ 4,800 ರೂಪಾಯಿ ಕೊಟ್ಟು ಒಂದೂವರೆ ತಿಂಗಳು ಕೊಂಡುಕೊಂಡೆ ಎಂಬ ನನ್ನ ಲೆಕ್ಕ ಬಹಳ ತಪ್ಪಿರಲಾರದು.

ಹಾಗಾಗಿ ಸಹೋದ್ಯೋಗಿಗಳು ಕೇಳಿದರೆ ಮೊದಲು ಟವೆಲ್ ಎನ್ನುತ್ತೇನೆ. ಮೂರು ತಿಂಗಳು ತಪ್ಪದೆ ಮಾಡಿಯೂ ನೋವು ಜಗ್ಗದಿದ್ದರೆ ಶಾಕ್‌ವೇವ್‌. ಇಂಜೆಕ್ಷನ್ನಿನ ಮಾತೆತ್ತಿದವರನ್ನು, ಮನೆಯಲ್ಲಿ ಮದುವೆ ಇದೆಯೇ, ಎಷ್ಟು ದಿನಕ್ಕೆ ಎಂದು ವಿಚಾರಿಸುತ್ತೇನೆ.