‘ಶೂನ್ಯ ತ್ಯಾಜ್ಯ’ದ ಕುದುರೆಮುಖ ಚಾರಣ: ಒಂದು ಸೇವೆಯ ವಿಮರ್ಶೆ

ಚಿಕ್ಕಮಗಳೂರು ಪೇಟೆಯಿಂದ ಕುದುರೆಮುಖ ಶಿಖರಕ್ಕೆ ಎರಡು ದಿನಗಳ ಚಾರಣ ಏರ್ಪಡಿಸುವವರು ಈಗ ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ಒಬ್ಬರ ಸೇವೆ ಪಡೆದು, ಮಳೆ ಹಿಂದೆ ಸರಿಯುತ್ತಿದ್ದ ಹೊತ್ತಿನಲ್ಲಿ ಹೋಗಿ ಬಂದು ಈ ವಿಮರ್ಶೆ ಬರೆಯುತ್ತಿದ್ದೇನೆ. ನಾನು ಇವರನ್ನು ಆರಿಸಿಕೊಂಡದ್ದು ದರ ನೋಡಿ ಅಲ್ಲ, ಜಾಹೀರಾತಿನಲ್ಲಿದ್ದ ಮೂರು ಮಾತುಗಳನ್ನು ನೋಡಿ: ಪರಿಸರಸ್ನೇಹಿ, ಶೂನ್ಯ ತ್ಯಾಜ್ಯ, ಇಂಗಾಲ ತಟಸ್ಥ (ಅಂದರೆ ಗಾಳಿಗೆ ಬಿಟ್ಟಷ್ಟು ಇಂಗಾಲವನ್ನು ಬೇರೆ ಕಡೆ ಸರಿದೂಗಿಸುವುದು). ಇಂಥ ಮಾತುಗಳನ್ನು ಯಾರು ಬೇಕಾದರೂ ಬರೆದುಕೊಳ್ಳುವ ಕಾಲ ಮುಗಿದಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಸರಕು ಮಾರುವವರಿರಲಿ ಸೇವೆ ಕೊಡುವವರಿರಲಿ, ಪರಿಸರದ ಹೆಸರಿನಲ್ಲಿ ಹೇಳಿಕೊಂಡ ಪ್ರತಿಯೊಂದು ಮಾತಿಗೂ ಪರಿಶೀಲಿಸಬಹುದಾದ ಆಧಾರವನ್ನು ಇಟ್ಟುಕೊಂಡಿರಬೇಕು. ಆದ್ದರಿಂದ ನಾನು ಈ ಸೇವೆಯನ್ನು ಅಳೆದದ್ದು ಒಂದೇ ಪ್ರಶ್ನೆಯಿಂದ: ಹೇಳಿದ್ದನ್ನು ತೋರಿಸುತ್ತಾರೆಯೇ? ಕಂಡ ಕೊರತೆಗಳನ್ನು ಅವರಿಗೆ ಪತ್ರದಲ್ಲಿ ತಿಳಿಸಿದ್ದೇನೆ, ಸರಿಪಡಿಸಿಕೊಳ್ಳಲು ಅವರು ಕಾಲಾವಕಾಶ ಕೇಳಿದ್ದಾರೆ. ಆ ಕಾರಣಕ್ಕೆ ಇಲ್ಲಿ ಹೆಸರು ಹಾಕಿಲ್ಲ.

ಮೊದಲು ಟಿಕೆಟ್ಟಿನ ವಿಷಯ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಜನಜಾತ್ರೆಯೇ ನೆರೆದ ಮೇಲೆ ರಾಜ್ಯ ಸರ್ಕಾರ ಎಚ್ಚೆತ್ತುಕೊಂಡು, ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಎಂಬ ಆನ್‌ಲೈನ್ ವ್ಯವಸ್ಥೆಯನ್ನು ತಂದಿತು. ಒಂದು ಚಾರಣಪಥಕ್ಕೆ ದಿನಕ್ಕೆ 300 ಜನರ ಮಿತಿ ಬಂದದ್ದು ಆಗ. ಈ ಸಂಸ್ಥೆಯವರು ಪ್ರತಿಯೊಬ್ಬರ ಗುರುತಿನ ಚೀಟಿ ಪಡೆದು ಅವರವರ ಹೆಸರಿನಲ್ಲೇ ಟಿಕೆಟ್ ಮಾಡಿಸಿದರು ಮತ್ತು ತಂಡವನ್ನು ಹದಿನೈದು ಜನರಿಗೆ ನಿಲ್ಲಿಸಿದರು. ಶನಿವಾರದ ತಂಡಕ್ಕೆ ಇನ್ನೂ ನಾಲ್ವರು ಬರುತ್ತೇವೆಂದರೂ ಒಪ್ಪದೆ ಬುಧವಾರದ ದಿನಾಂಕ ಸೂಚಿಸಿದ್ದನ್ನು ಕಚೇರಿಯಲ್ಲಿ ನಾನೇ ಕಂಡೆ. 300 ಎಂಬುದು ಸಣ್ಣ ಸಂಖ್ಯೆಯೇನಲ್ಲ. ಹತ್ತಿದ ದಾರಿಯಲ್ಲೇ ಇಳಿಯಬೇಕಾದ ಕಡೆ ಅಷ್ಟೂ ಜನರ ಬೂಟು ದಿನಕ್ಕೆರಡು ಸಲ ಅದೇ ಮಣ್ಣನ್ನು ತುಳಿಯುತ್ತದೆ. ಹಾಗಿರುವಾಗ ಆದಾಯ ಬಿಟ್ಟು ತಂಡವನ್ನು ಸಣ್ಣದಾಗಿ ಇಡುವ ನಿರ್ಧಾರ ಮೆಚ್ಚತಕ್ಕದ್ದು.

ಆಲ್ದೂರು, ಬಾಳೆಹೊನ್ನೂರು, ಕಳಸ ದಾಟಿ ಸಂಸೆಗೆ ಹೋಗಿ, ಅಲ್ಲಿಂದ ಜೀಪಿನಲ್ಲಿ ಮುಳ್ಳೋಡಿ ಸೇರಿ, ಮರುದಿನ ಬೆಳಿಗ್ಗೆ ನಡಿಗೆ. ಜೊತೆಗೆ ಬಂದ ಮಾರ್ಗದರ್ಶಿ ಅದೇ ಸೀಮೆಯ ಯುವಕ. ಈ ಸೇವೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅವರ ಕೆಲಸವೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ದಾರಿಯಲ್ಲಿ ಸಿಗುವ ‘ಒಂಟಿಮರ’ ಎಂಬ ತಾಣ ದಾಟಿದ ಮೇಲಿನ ಏರಿನಲ್ಲಿ ದಾರಿ ಪೂರ್ತಿ ಕೆಸರು. ಅಂಥ ಕಡೆ ನಡೆಯುವವರು ತಮಗರಿವಿಲ್ಲದೆ ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ, ಹಿಂದಿನಿಂದ ಬಂದವರು ಇನ್ನೂ ಸ್ವಲ್ಪ ಆಚೆ ಇಡುತ್ತಾರೆ, ಹೀಗೆ ಒಂದಡಿಯ ಕಾಲುದಾರಿ ನಾಲ್ಕು ಸಾಲುಗಳಾಗಿ ಒಡೆದುಕೊಂಡು, ಹುಲ್ಲಿನ ಬೇರು ಬಿಟ್ಟುಹೋಗಿ, ಮುಂದಿನ ಮಳೆಗಾಲಕ್ಕೆ ಅದೇ ಜಾಗ ಕೊರಕಲಾಗುತ್ತದೆ. ಬೇರೆ ತಂಡಗಳವರು ಹಾಗೆ ಅಂಚು ಹಿಡಿದು ಹೋಗುತ್ತಿದ್ದುದು ಕಣ್ಣೆದುರಿಗೇ ಇತ್ತು. ನಮ್ಮ ಮಾರ್ಗದರ್ಶಿ ಮಾತ್ರ ಎಲ್ಲರನ್ನೂ ಒಂದೇ ಸಾಲಿನಲ್ಲಿ, ಕೆಸರಿನ ನಟ್ಟನಡುವೆಯೇ ನಡೆಸಿದರು. ಒಬ್ಬರು ಹೊಸ ಬೂಟಿನ ಬಗ್ಗೆ ಗೊಣಗಿದಾಗ, “ಬೂಟು ತೊಳೆದರೆ ಹೋಗ್ತದೆ ಸಾರ್, ಈ ಹುಲ್ಲು ಎದ್ದುಹೋದ್ರೆ ಮತ್ತೆ ಹಿಡಿಯೋದಿಲ್ಲ” ಎಂದರು. ಶೌಚಕ್ಕೆ ಹೋಗುವವರಿಗೆ ಸಣ್ಣ ಕರಣೆ ಕೊಟ್ಟು, ಹಳ್ಳದಿಂದ ಕನಿಷ್ಠ 60 ಮೀಟರ್ ದೂರದಲ್ಲಿ ಗುಂಡಿ ತೋಡಿ ಮುಚ್ಚಬೇಕೆಂದೂ, ಒದ್ದೆ ಕಾಗದ ಮತ್ತು ಪ್ಯಾಡುಗಳನ್ನು ಚೀಲದಲ್ಲೇ ವಾಪಸು ತರಬೇಕೆಂದೂ ಹೊರಡುವ ಮೊದಲೇ ಮುಚ್ಚುಮರೆಯಿಲ್ಲದೆ ಹೇಳಿದರು. ಹೇಳಲು ಮುಜುಗರವಾಗುವ ಈ ಮಾತನ್ನು ಆಡದೆ ಬಿಡುವ ಸಂಸ್ಥೆಗಳೇ ಹೆಚ್ಚು, ಅದರ ಫಲ ನೀರಿನ ತಾವುಗಳ ಸುತ್ತ ಕಾಣಸಿಗುತ್ತದೆ. ಮಧ್ಯಾಹ್ನದ ಪುಳಿಯೋಗರೆ ಸ್ಟೀಲ್ ಡಬ್ಬಿಯಲ್ಲಿತ್ತು, ಕುಡಿಯುವ ನೀರಿಗೆ ಅವರವರ ಬಾಟಲಿ. ಕಿತ್ತಳೆ ಸಿಪ್ಪೆಯನ್ನೂ ಬಿಸಾಡಲು ಬಿಡಲಿಲ್ಲ.

ಮಳೆಕೋಟಿನ ವ್ಯವಸ್ಥೆಯೂ ಚೆನ್ನಾಗಿದೆ. ಒಂದೇ ದಿನಕ್ಕೆ ಹರಿದುಹೋಗುವ ತೆಳು ಪ್ಲಾಸ್ಟಿಕ್ ಕೋಟುಗಳನ್ನು ಮಾರುವ ಬದಲು ಇವರು ದಪ್ಪ ಕೋಟುಗಳನ್ನು ಬಾಡಿಗೆಗೆ ಕೊಡುತ್ತಾರೆ. ನನಗೆ ಸಿಕ್ಕಿದ ಕೋಟಿನ ಭುಜದ ಹೊಲಿಗೆಗೆ ಒಳಗಿನಿಂದ ತೇಪೆ ಹಾಕಿತ್ತು, ದಿನವಿಡೀ ಒಂದು ಹನಿಯೂ ಒಳಗಿಳಿಯಲಿಲ್ಲ. ಆದರೆ ಅದೇ ಅಂಗಡಿಯಲ್ಲಿ ಮಾರಾಟಕ್ಕಿಟ್ಟ ದುಬಾರಿ ಜಾಕೆಟ್ಟುಗಳ ನೀರುನಿರೋಧಕ ಲೇಪ ಯಾವುದೆಂದು ಕೇಳಿದರೆ ಯಾರಿಂದಲೂ ಉತ್ತರವಿಲ್ಲ. ಇಂಥ ಲೇಪಗಳಲ್ಲಿ ದಶಕಗಳಿಂದ ಬಳಸುತ್ತ ಬಂದಿರುವ ಪಿಎಫ್‌ಎಎಸ್ ಎಂಬ ಫ್ಲೋರಿನ್ ರಾಸಾಯನಿಕಗಳು ಮಣ್ಣಿನಲ್ಲೂ ನೀರಿನಲ್ಲೂ ಕರಗಿ ಮುಗಿಯುವ ಜಾತಿಯವಲ್ಲ. ಅವುಗಳಲ್ಲಿ ಒಂದಾದ ಪಿಎಫ್‌ಒಎ 2019ರಲ್ಲಿ, ಬಹುಕಾಲ ಉಳಿಯುವ ವಿಷರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿ ಸೇರಿದೆ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಇಂಥ ರಾಸಾಯನಿಕ ಬೆರೆಸಿದ ಹೊಸ ಬಟ್ಟೆಯ ಮಾರಾಟವೇ ನಿಂತಿದ್ದು, ವಿಪರೀತ ಮಳೆಗೆಂದು ಮಾಡಿದ ಉಡುಪಿಗೆ ಮಾತ್ರ 2028ರವರೆಗೆ ವಿನಾಯಿತಿ ಇದೆ. ಭದ್ರೆಯ ನೀರಿಗೆ ಇಳಿಯುವ ಹಳ್ಳಗಳ ನಡುವೆ ನಡೆಯಲು ಬಟ್ಟೆ ಮಾರುವವರು ಇಷ್ಟನ್ನಾದರೂ ತಿಳಿದಿರಬೇಕು. ತಯಾರಕರನ್ನು ಕೇಳಿ ತಿಳಿಸುತ್ತೇವೆಂದರು, ಇನ್ನೂ ತಿಳಿಸಿಲ್ಲ.

ಇನ್ನು ‘ಇಂಗಾಲ ತಟಸ್ಥ’ ಎಂಬ ಮಾತು. ಇದಕ್ಕೆ ಆಧಾರವೇನೆಂದು ಕೇಳಿದಾಗ, ಪ್ರತಿ ಚಾರಣಿಗನ ಹೆಸರಿನಲ್ಲಿ ಒಂದು ಗಿಡ ನೆಡುತ್ತೇವೆ ಎಂದರು. ಯಾವ ಗಿಡ, ಎಲ್ಲಿ ಎಂದು ಕೇಳಿದರೆ, ತೋಟದ ಬೇಲಿಸಾಲಿನಲ್ಲಿ ಸಿಲ್ವರ್ ಓಕ್ ಮತ್ತು ‘ಬೋಳಾಗಿರುವ ಗುಡ್ಡದ ಇಳಿಜಾರಿನಲ್ಲಿ’ ಇತರ ಸಸಿಗಳು. ಸಿಲ್ವರ್ ಓಕ್ ಆಸ್ಟ್ರೇಲಿಯಾ ಮೂಲದ ಮರ. ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ಬೆಳೆಗಾರರು ಅದನ್ನು ಹೇಗೂ ನೆಡುತ್ತಾರೆ, ಮಾರುವ ಹೊತ್ತು ಬಂದಾಗ ಕಡಿಯುತ್ತಾರೆ. ಅದನ್ನು ಚಾರಣಿಗರ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ನನಗೆ ಹೆಚ್ಚು ಕಳವಳ ತಂದದ್ದು ಎರಡನೆಯ ಮಾತು. ಪಶ್ಚಿಮ ಘಟ್ಟದ ಈ ಎತ್ತರದಲ್ಲಿ ಗುಡ್ಡದ ಮೈಯೆಲ್ಲ ಹುಲ್ಲು, ಕಣಿವೆಯ ಮಡಿಲಿನಲ್ಲಿ ಮಾತ್ರ ಶೋಲಾ ಎಂಬ ಗಿಡ್ಡ ಮರಗಳ ನಿತ್ಯಹರಿದ್ವರ್ಣ ಕಾಡು ಇರುವುದು ಸಹಜ ಸ್ಥಿತಿ. ಆ ಹುಲ್ಲುಗಾವಲು ಕಡಿದ ಕಾಡಿನ ಬೋಳು ಉಳಿಕೆ ಅಲ್ಲ. ಮಳೆಗಾಲದ ನೀರನ್ನು ಹಿಡಿದು ಬೇಸಿಗೆಯವರೆಗೆ ಹನಿಹನಿಯಾಗಿ ಬಿಡುವ ವ್ಯವಸ್ಥೆಯಲ್ಲಿ ಅದಕ್ಕೂ ಶೋಲಾದಷ್ಟೇ ಪಾಲಿದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಇದೇ ಸಾಲಿನ ಗಂಗಾಮೂಲದಲ್ಲಿ ಹುಟ್ಟುತ್ತವೆ ಎಂಬುದನ್ನು ಪ್ರವಾಸಿಗರಿಗೆ ಹೆಮ್ಮೆಯಿಂದ ಹೇಳುವ ಸಂಸ್ಥೆಯೇ, ಅದಕ್ಕೆ ಕಾರಣವಾದ ಹುಲ್ಲಿನ ಮೇಲೆ ಗಿಡ ನೆಟ್ಟು ಪುಣ್ಯದ ಲೆಕ್ಕ ಬರೆಯುತ್ತಿದೆ. ಘಟ್ಟದ ಉದ್ದಕ್ಕೂ ಹಿಂದಿನ ತಲೆಮಾರಿನಲ್ಲಿ ಇಂಥದೇ ಹುಲ್ಲುಗಾವಲುಗಳಲ್ಲಿ ಅಕೇಶಿಯಾ ನೆಟ್ಟು, ಅದು ತಾನಾಗಿ ಹರಡಿ ಹುಲ್ಲನ್ನೇ ನುಂಗಿದ ಉದಾಹರಣೆ ನಮ್ಮ ಮುಂದಿದೆ.

ನಿಜವಾದ ಲೆಕ್ಕ ಕಷ್ಟದ್ದೂ ಅಲ್ಲ. ಚಿಕ್ಕಮಗಳೂರಿನಿಂದ ಸಂಸೆಗೆ ಹೋಗಿಬರಲು ಸುಮಾರು 200 ಕಿ.ಮೀ., ಟೆಂಪೊ ಟ್ರಾವೆಲರ್ ಲೀಟರಿಗೆ ಹತ್ತು ಕಿ.ಮೀ. ಓಡುತ್ತದೆಂದು ಚಾಲಕರೇ ಹೇಳಿದರು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ಅಂದರೆ ಇಡೀ ತಂಡಕ್ಕೆ ಸುಮಾರು 54 ಕೆ.ಜಿ., ತಲೆಗೆ ನಾಲ್ಕು ಕೆ.ಜಿ.ಗೂ ಕಡಿಮೆ, ಜೀಪು ಮತ್ತು ಅಡುಗೆಯ ಅನಿಲ ಸೇರಿಸಿದರೂ ಅಂಕಿ ದೊಡ್ಡದಾಗದು. ಬೆಂಗಳೂರಿನಿಂದ ಇಬ್ಬಿಬ್ಬರಾಗಿ ಕಾರಿನಲ್ಲಿ ಬರುವವರ ಲೆಕ್ಕದ ಮುಂದೆ ಇದು ಗೌರವದ ಸಂಖ್ಯೆ. ಇದನ್ನು ಇದ್ದಂತೆ ಪ್ರಕಟಿಸಿ ‘ತಟಸ್ಥ’ ಎಂಬ ಮಾತನ್ನು ಕೈಬಿಟ್ಟರೆ ಅವರ ಮಾತಿನ ತೂಕ ಹೆಚ್ಚುತ್ತದೆಂದು ಪತ್ರದಲ್ಲಿ ಬರೆದಿದ್ದೇನೆ.

ಕಸದ ವಿಷಯದಲ್ಲಿ ಇವರು ಅರ್ಧ ದಾರಿ ಬಂದಿದ್ದಾರೆ. ಇಳಿದು ಬಂದ ಸಂಜೆ ಹೋಂಸ್ಟೇ ಜಗುಲಿಯಲ್ಲಿ ಎಲ್ಲರ ಕಸದ ಚೀಲಗಳನ್ನು ಸುರಿದು, ಬೇರ್ಪಡಿಸಿ, ತೂಗಿ, ಪುಸ್ತಕದಲ್ಲಿ ಬರೆದರು. ಪುಸ್ತಕವನ್ನು ನೋಡಲು ಕೊಟ್ಟರು, ಅದು ಒಳ್ಳೆಯದು. ನಮ್ಮ ತಂಡದ ಕಸದಲ್ಲಿ ಬಹುಪಾಲು ಬಿಸ್ಕೆಟ್ ಮತ್ತು ಎನರ್ಜಿ ಬಾರ್‌ಗಳ ಹೊಳೆಯುವ ಹೊದಿಕೆ. ಅವುಗಳನ್ನು ತಿಂಡಿಯೆಂದು ಹಂಚಿದವರು ಸಂಸ್ಥೆಯವರೇ. ಪ್ಲಾಸ್ಟಿಕ್ಕಿನ ಮೇಲೆ ಅಲ್ಯೂಮಿನಿಯಂ ಅಂಟಿಸಿದ ಈ ಬಹುಪದರದ ಹೊದಿಕೆಯನ್ನು ಗುಜರಿಯವರು ಮುಟ್ಟುವುದಿಲ್ಲ. ಯಾರಾದರೂ ಸಂಗ್ರಹಿಸಿ ಕಳಿಸಿದರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹೋಗುತ್ತದೆ, ಇಲ್ಲದಿದ್ದರೆ ಹೂಳುವುದು ಅಥವಾ ಬಯಲಲ್ಲಿ ಸುಡುವುದು. ಪುಸ್ತಕದಲ್ಲಿ ಪ್ರತಿ ತಂಡದ ಎದುರಿಗೂ ‘ಪೇಟೆಗೆ ಒಪ್ಪಿಸಲಾಗಿದೆ’ ಎಂದಿದೆ. ಯಾರಿಗೆ ಒಪ್ಪಿಸಿದರು ಎಂಬುದಕ್ಕೆ ಒಂದು ರಸೀದಿಯೂ ಇಲ್ಲ. ಬೆಟ್ಟದಿಂದ ಕಸ ಇಳಿಯಿತು ಎಂಬುದಕ್ಕೆ ಪುರಾವೆ ಇದೆ, ಮುಂದೇನಾಯಿತು ಎಂಬುದಕ್ಕಿಲ್ಲ. ಹಾಗಿರುವಾಗ ಶೂನ್ಯ ಎಂಬ ಪದ ಬಳಸಲು ಬರುವುದಿಲ್ಲ. ಶೇಂಗಾ ಚಿಕ್ಕಿ, ಬಾಳೆಹಣ್ಣು, ಅವಲಕ್ಕಿ ಎಲ್ಲವೂ ಕಳಸದ ಪೇಟೆಯಲ್ಲೇ ಸಿಗುತ್ತವೆ, ಡಬ್ಬಿಗೆ ತುಂಬಿ ಒಯ್ಯಬಹುದು. ಊಟಕ್ಕೆ ತೋರಿಸಿದ ಕಾಳಜಿಯನ್ನು ತಿಂಡಿಗೂ ತೋರಿಸಿದ್ದರೆ ತೂಗಬೇಕಾದ ಕಸವೇ ಕಾಲುಭಾಗಕ್ಕೆ ಇಳಿಯುತ್ತಿತ್ತು.

ನನ್ನ ಬಲವಾದ ತಕರಾರು ಹೋಂಸ್ಟೇ ಬಗ್ಗೆ. ಮನೆ ಚೊಕ್ಕಟ, ಮನೆಯವರು ಸಜ್ಜನರು, ಕಡುಬು ಮತ್ತು ಕೆಸುವಿನ ಪಲ್ಯದ ರುಚಿ ನೆನಪಿನಲ್ಲಿ ಉಳಿಯುವಂಥದ್ದು. ರಾತ್ರಿ ಧ್ವನಿವರ್ಧಕಕ್ಕೆ ಅವಕಾಶವಿಲ್ಲ, ಹಂಡೆಯ ನೀರು ಕಾಯುವುದು ತೋಟದಲ್ಲಿ ಸವರಿದ ಕೊಂಬೆಗಳ ಸೌದೆಯಿಂದ. ಆದರೆ ಬೆಳಿಗ್ಗೆ ಹಿತ್ತಲಿಗೆ ಹೋದಾಗ ಬಚ್ಚಲಿನ ಬೂದುಬಣ್ಣದ ಪೈಪು ಕಲ್ಲುಕಟ್ಟೆಯ ಬದಿಯಿಂದ ಇಳಿದು ಒಂದು ಕಿರುಗಾಲುವೆಗೆ ಬಾಯಿ ಬಿಟ್ಟಿರುವುದು ಕಂಡಿತು. ಹದಿನೈದು ಜನರ ಸ್ನಾನದ ಸಾಬೂನು ನೊರೆ ಜರಿಗಿಡಗಳ ಬುಡದಲ್ಲಿ ಸುತ್ತುತ್ತ ನಿಂತು, ಆಮೇಲೆ ನಿಧಾನವಾಗಿ ಹಳ್ಳಕ್ಕೆ ಸೇರುತ್ತಿತ್ತು. ಶೌಚದ ಗುಂಡಿ ಹಳ್ಳದ ದಂಡೆಯಿಂದ ಹತ್ತು ಹೆಜ್ಜೆಯೂ ದೂರವಿಲ್ಲ. ಬೆಟ್ಟದ ಮೇಲೆ ನೀರಿನಿಂದ 60 ಮೀಟರ್ ದೂರ ಹೋಗಿರೆಂದು ನಮ್ಮನ್ನು ಕಳಿಸಿದ ಸಂಸ್ಥೆಯೇ ಬೆಟ್ಟದ ಕೆಳಗೆ ಇದನ್ನು ಗಮನಿಸಿಲ್ಲ. ಒಬ್ಬ ಚಾರಣಿಗ ವರ್ಷಕ್ಕೊಮ್ಮೆ ಮಾಡಬಹುದಾದ ಹಾನಿಗಿಂತ, ಋತುವಿಡೀ ಪ್ರತಿದಿನ ಹರಿಯುವ ಈ ಪೈಪಿನ ಹಾನಿ ದೊಡ್ಡದು.

ಇದನ್ನು ಕೇಳಿದಾಗ ಸಂಸ್ಥೆಯವರು ಕೊಟ್ಟ ಉತ್ತರ, ಹೋಂಸ್ಟೇ ತಮ್ಮದಲ್ಲ, ತಾವು ಕೋಣೆ ಹಿಡಿಯುತ್ತೇವೆ ಅಷ್ಟೇ ಎಂದು. ನಾನು ಇದನ್ನು ಒಪ್ಪುವುದಿಲ್ಲ. ನಾವು ಹಣ ಕೊಟ್ಟದ್ದು ಸಂಸ್ಥೆಗೆ, ಪರಿಸರಸ್ನೇಹಿ ಎಂಬ ಹೆಸರಿನಲ್ಲಿ ವಸತಿಯನ್ನೂ ಸೇರಿಸಿ ಮಾರಿದ್ದು ಅವರೇ. ಮನೆಯವರನ್ನು ಇಲ್ಲಿ ದೂರುವಂತಿಲ್ಲ, ಏಕೆಂದರೆ ಐದಾರು ಜನರ ಸಂಸಾರಕ್ಕೆಂದು ಮಾಡಿದ ಬಚ್ಚಲಿಗೆ ವಾರವಾರವೂ ದೊಡ್ಡ ತಂಡಗಳನ್ನು ತಂದು ಬಿಡುವವರು ಯಾರೋ ಅವರು ಅದರ ಖರ್ಚಿನಲ್ಲಿ ಪಾಲು ಕೊಡಬೇಕು. ಜಲ್ಲಿ, ಮರಳು ತುಂಬಿದ ಇಂಗುಗುಂಡಿಯೊಂದನ್ನು ತೋಡಿ, ಅದರ ಹೆಚ್ಚುವರಿ ನೀರನ್ನು ಬಾಳೆ, ಕೆಸುವಿನ ಪಾತಿಗೆ ತಿರುಗಿಸುವುದು ಮಲೆನಾಡಿನ ಗಾರೆಯವರಿಗೆ ಹೊಸ ಕೆಲಸವಲ್ಲ, ಲಕ್ಷಗಟ್ಟಲೆ ಬೇಡುವ ಕೆಲಸವೂ ಅಲ್ಲ. ನಾಲ್ಕಾರು ತಂಡಗಳ ಲಾಭಾಂಶದಲ್ಲಿ ಅದು ಮುಗಿಯುತ್ತದೆ.

ಈ ಮಾತನ್ನು ಇಷ್ಟು ಒತ್ತಿ ಹೇಳಲು ಸ್ಥಳವೂ ಕಾರಣ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡಿನ ಮಗ್ಗುಲಲ್ಲೇ ದಶಕಗಳ ಕಾಲ ಕಬ್ಬಿಣದ ಅದಿರಿನ ಗಣಿ ನಡೆದು, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಗಣಿಯ ಹೂಳು ಭದ್ರೆಗೆ ಸೇರುತ್ತಿದೆಯೆಂದು ಹೋರಾಡಿದ ಜನರ ಪ್ರದೇಶವಿದು. ಗಣಿ ಹೋದ ಮೇಲೆ ಪ್ರವಾಸೋದ್ಯಮವೇ ಇಲ್ಲಿನ ಜೀವನೋಪಾಯವಾಗಬೇಕೆಂಬ ಮಾತಿಗೆ ನನ್ನ ಸಹಮತವಿದೆ. ಹಾಗಾದರೆ ಅಂದು ಗಣಿಯವರಿಗೆ ಕೇಳಿದ ಪ್ರಶ್ನೆಯನ್ನೇ, ನೀರಿಗೆ ಏನು ಬಿಡುತ್ತಿದ್ದೀರಿ ಎಂದು, ಇಂದು ಚಾರಣದ ಉದ್ಯಮಕ್ಕೂ ಕೇಳಬೇಕಾಗುತ್ತದೆ.

ದರ ತಲೆಗೆ 3,500 ರೂಪಾಯಿ. ಪ್ರಯಾಣ, ಜೀಪು, ವಸತಿ, ಊಟ ಎಲ್ಲ ಸೇರಿ ನ್ಯಾಯವಾದದ್ದೇ. ಸ್ಥಳೀಯ ಮಾರ್ಗದರ್ಶಿಗೆ ಕೊಡುವ ಕೂಲಿಯನ್ನು ಬಿಲ್ಲಿನಲ್ಲೇ ಬೇರೆ ಸಾಲಾಗಿ ತೋರಿಸುತ್ತಾರೆ, ಇದನ್ನು ಉಳಿದವರೂ ಅನುಸರಿಸಬಹುದು. ನಡಿಗೆಯ ನಿರ್ವಹಣೆಗೆ ಐದರಲ್ಲಿ ನಾಲ್ಕೂವರೆ, ಕಸದ ಲೆಕ್ಕಕ್ಕೆ ಮೂರು, ವಸತಿಯ ಹೊಣೆಗಾರಿಕೆಗೆ ಒಂದು, ಇಂಗಾಲದ ಮಾತಿಗೆ ಸೊನ್ನೆ ಅಂಕ ಕೊಡುತ್ತೇನೆ. ನನ್ನ ಪತ್ರಕ್ಕೆ ಬಂದ ಉತ್ತರದಲ್ಲಿ ‘ಇಂಗಾಲ ತಟಸ್ಥ’ ಎಂಬುದನ್ನು ಜಾಹೀರಾತಿನಿಂದ ತೆಗೆಯಲು ಒಪ್ಪಿದ್ದಾರೆ, ಹುಲ್ಲುಗಾವಲಿನಲ್ಲಿ ಸಸಿ ನೆಡುವುದನ್ನು ನಿಲ್ಲಿಸುವುದಾಗಿ ಹೇಳಿದ್ದಾರೆ, ಇಂಗುಗುಂಡಿಯ ಬಗ್ಗೆ ಮನೆಯವರೊಡನೆ ಮಾತನಾಡುತ್ತೇವೆಂದಷ್ಟೇ ಬರೆದಿದ್ದಾರೆ. ಈ ಋತುವಿನಲ್ಲಿ ಇವರೊಡನೆ ಹೋಗುವವರು ಮುಂಗಡ ಕೊಡುವ ಮೊದಲೇ ಯಾವ ಮನೆಯಲ್ಲಿ ವಸತಿ, ಅದರ ಬಚ್ಚಲು ನೀರು ಎಲ್ಲಿಗೆ ಹೋಗುತ್ತದೆ, ಕಸವನ್ನು ಯಾರಿಗೆ ಒಪ್ಪಿಸುತ್ತಾರೆ ಎಂದು ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ; ಸಾಧ್ಯವಾದರೆ ವಾರದ ನಡುವಿನ ದಿನವನ್ನು ಆರಿಸಿಕೊಳ್ಳಿ, ತಿಂಡಿಯನ್ನು ಮನೆಯಿಂದಲೇ ಡಬ್ಬಿಯಲ್ಲಿ ಒಯ್ಯಿರಿ.