ಅಳತೆ ಗೆರೆಗೆ ಬ್ರೇಕ್ ಹಾಕಲು ಮೂರು ದಾರಿ: ನನ್ನ ಮತ ಡಿಮ್‌ಬ್ರೇಕ್‌ಗೆ

ಎಕ್ಸ್‌ಪ್ಲೋಡ್ ಮಾಡಿದ (ಬಿಡಿ ಗೆರೆ, ಅಕ್ಷರಗಳಾಗಿ ಒಡೆದ) ಒಂದೇ ಒಂದು ಡೈಮೆನ್ಷನ್‌ನಿಂದಾಗಿ (ಅಳತೆ ಗೆರೆ ಮತ್ತು ಅದರ ಅಂಕಿ) ಆರು ಬೇಸ್‌ಪ್ಲೇಟುಗಳು ಗುಜರಿಗೆ ಹೋದ ಮೇಲೆ, ನಕ್ಷೆ ಬಿಡಿಸುವ ತಂತ್ರಾಂಶ ಆಟೋಕ್ಯಾಡ್‌ನಲ್ಲಿ ಒಂದನ್ನೊಂದು ಹಾಯುವ ಅಳತೆ ಗೆರೆಗಳನ್ನು ಬಿಡಿಸಿ ತೋರಿಸಲು ನಾನು ಹಾಯುವ ಕಡೆ ಗೆರೆಯಲ್ಲಿ ಅಂತರ ಬಿಡುವ ಡಿಮ್‌ಬ್ರೇಕ್ ಕಮಾಂಡ್ ಬಿಟ್ಟು ಬೇರೇನನ್ನೂ ಬಳಸುತ್ತಿಲ್ಲ.

ನಡೆದದ್ದು ಇಷ್ಟು. ಸಾಮಾನ್ಯ ಬ್ರೇಕ್ ಕಮಾಂಡ್ ಡೈಮೆನ್ಷನ್ ಮೇಲೆ ಕೆಲಸ ಮಾಡದ ಕಾರಣ, ಅದನ್ನು ಎಕ್ಸ್‌ಪ್ಲೋಡ್ ಮಾಡಿ ಗೆರೆಯನ್ನು ಕತ್ತರಿಸಿದ್ದೆ. ಎರಡು ವಾರಗಳ ನಂತರ ಗಿರಾಕಿ ತೂತುಗಳ ನಡುವಿನ ದೂರವನ್ನು 120ರಿಂದ 124 ಮಿ.ಮೀ.ಗೆ ಬದಲಿಸಿದರು. ಚಿತ್ರವನ್ನು ಸ್ಟ್ರೆಚ್ ಮಾಡಿದಾಗ (ಎಳೆದು ಹಿಗ್ಗಿಸಿದಾಗ) ಉಳಿದೆಲ್ಲ ಅಂಕಿಗಳು ತಾವಾಗಿಯೇ ಬದಲಾದವು. ಬರೀ ಅಕ್ಷರವಾಗಿಬಿಟ್ಟಿದ್ದ ಆ 120 ಮಾತ್ರ ಹಾಗೆಯೇ ಕುಳಿತಿತ್ತು. ವರ್ಕ್‌ಶಾಪಿನವರು ಹಾಳೆಯಲ್ಲಿದ್ದುದನ್ನೇ ಕೊರೆದರು, ತಪ್ಪು ಅವರದಲ್ಲ.

ಕೆಳಗಿನ ಗೆರೆಯನ್ನು ಮರೆಮಾಡುವ ಖಾಲಿ ತೇಪೆಯಾದ ವೈಪ್‌ಔಟ್ ಅಷ್ಟು ಅಪಾಯಕಾರಿಯಲ್ಲ, ಆದರೆ ಅದು ಗೋಡೆಯ ಬಿರುಕಿಗೆ ಕಾಗದ ಅಂಟಿಸಿದಂತೆ. ಡೈಮೆನ್ಷನ್ ಸರಿದರೆ ತೇಪೆ ಹಳೆಯ ಜಾಗದಲ್ಲೇ ಉಳಿದು, ಅಲ್ಲಿರುವ ಬೇರೆ ಗೆರೆಯನ್ನು ನುಂಗುತ್ತದೆ.

ಡಿಮ್‌ಬ್ರೇಕ್ ಆಟೋಕ್ಯಾಡ್ 2008ರಲ್ಲೇ ಬಂದದ್ದು. ನಾನು ಕಣ್ಣೆತ್ತಿ ನೋಡಿರಲಿಲ್ಲ, ಅಷ್ಟೆ. ಮಲ್ಟಿಪಲ್ ಆಯ್ಕೆಯಲ್ಲಿ ಬೇಕಾದ ಡೈಮೆನ್ಷನ್‌ಗಳನ್ನೆಲ್ಲ ಆರಿಸಿ ಆಟೋ ಎಂದರೆ, ಹಾಯುವ ಕಡೆಯೆಲ್ಲ ಅಂತರ ಬೀಳುತ್ತದೆ, ವಸ್ತುವನ್ನೋ ಡೈಮೆನ್ಷನ್ ಅನ್ನೋ ಸರಿಸಿದರೆ ಅಂತರವೂ ಜೊತೆಗೇ ಸರಿಯುತ್ತದೆ, ಅಂಕಿಯಂತೂ ಜೀವಂತವಾಗಿಯೇ ಇರುತ್ತದೆ. ಆಟೋಕ್ಯಾಡ್‌ನ ಮೆಟ್ರಿಕ್ ಡೈಮೆನ್ಷನ್ ಶೈಲಿಯಾದ ಐಎಸ್‌ಒ-25ರಲ್ಲಿ ಮೊದಲೇ ಇರುವ 3.75 ಅಂತರ ಎ3 ಹಾಳೆಗೆ ತೀರಾ ದೊಡ್ಡದಾಗಿ ಕಾಣುವುದರಿಂದ, ಡೈಮೆನ್ಷನ್ ಸ್ಟೈಲ್‌ನ ಸಿಂಬಲ್ಸ್ ಆ್ಯಂಡ್ ಆ್ಯರೋಸ್ ಪುಟದಲ್ಲಿ ಅದನ್ನು 1.5ಕ್ಕೆ ಇಳಿಸಿಕೊಂಡಿದ್ದೇನೆ.

ನನ್ನನ್ನು ಒಂದು ಇಡೀ ಸಂಜೆ ಕಾಡಿದ್ದು ಬೇರೆಯೇ ತೊಡಕು. ಡೈಮೆನ್ಷನ್‌ಗಳನ್ನು ಲೇಔಟಿನಲ್ಲಿ, ಅಂದರೆ ಮುದ್ರಣದ ಹಾಳೆಯನ್ನು ಜೋಡಿಸುವ ಪೇಪರ್ ಸ್ಪೇಸ್‌ನಲ್ಲಿ ಹಾಕುವುದು ನನ್ನ ಹಳೆಯ ರೂಢಿ. ಅಲ್ಲಿಂದ ಮಾಡೆಲ್ ಸ್ಪೇಸ್‌ನಲ್ಲಿರುವ (ವಸ್ತುವನ್ನೇ ಬಿಡಿಸುವ ಜಾಗ) ಗೆರೆಗಳ ಮೇಲೆ ಹಾಯ್ದ ಡೈಮೆನ್ಷನ್‌ಗಳಿಗೆ ಆಟೋ ಎಂದು ಎಷ್ಟು ಸಲ ಕೊಟ್ಟರೂ ಏನೂ ಆಗಲಿಲ್ಲ. ಫೈಲ್ ಕೆಟ್ಟಿರಬೇಕೆಂದು ಆಡಿಟ್ ಮಾಡಿದೆ, ಹೊಸ ಫೈಲಿಗೆ ನಕಲಿಸಿದೆ, ಸ್ಟೈಲನ್ನು ಮೊದಲಿನಿಂದ ಕಟ್ಟಿದೆ. ಕೊನೆಗೆ ತಿಳಿದದ್ದೇನೆಂದರೆ, ಡೈಮೆನ್ಷನ್ ಒಂದು ಸ್ಪೇಸ್‌ನಲ್ಲೂ ಅದು ಹಾಯುವ ವಸ್ತು ಇನ್ನೊಂದರಲ್ಲೂ ಇದ್ದರೆ ಆಟೋ ನಡೆಯುವುದೇ ಇಲ್ಲ, ಮ್ಯಾನ್ಯುಯಲ್ ಆಯ್ಕೆಯಲ್ಲಿ ಎರಡು ಬಿಂದು ಗುರುತಿಸಬೇಕು.

ಹಾಗೆ ಕೈಯಲ್ಲಿ ಹಾಕಿದ ಅಂತರ ಒಮ್ಮೆಗೆ ಒಂದೇ ಬೀಳುತ್ತದೆ, ಮುಂದಿನ ಬದಲಾವಣೆಗಳಿಗೆ ಸ್ಪಂದಿಸುವುದೂ ಇಲ್ಲ. ಅಂದರೆ ತಿರುಗಿ ವೈಪ್‌ಔಟಿನ ಪಾಡೇ. ನಾನು ರೂಢಿಯನ್ನೇ ಬಿಟ್ಟು, ಅನೊಟೇಟಿವ್ (ಹಾಳೆಯ ಸ್ಕೇಲಿಗೆ ತಕ್ಕಂತೆ ಗಾತ್ರ ಹೊಂದಿಸಿಕೊಳ್ಳುವ) ಡೈಮೆನ್ಷನ್‌ಗಳನ್ನು ಮಾಡೆಲ್ ಸ್ಪೇಸ್‌ನಲ್ಲೇ ಹಾಕತೊಡಗಿದೆ. ಲೇಔಟ್ ಬಿಡಲಾರದವರಿಗೆ ನನ್ನ ಈ ಮತ ಅಷ್ಟಾಗಿ ಹೊಂದಲಾರದು.

ನಂತರ ಎಳೆದ ಹೊಸ ಗೆರೆಗೆ ಅಂತರ ತಾನಾಗಿ ಬೀಳದು. ಪ್ಲಾಟ್‌ಗೆ (ಮುದ್ರಣಕ್ಕೆ) ಮುಂಚೆ ಡಿಮ್‌ಬ್ರೇಕ್ ಅನ್ನು ಇನ್ನೊಮ್ಮೆ ಓಡಿಸಬೇಕು. ಬಾಣದ ತಲೆಯ ಮೇಲೂ ಅಂಕಿಯ ಮೇಲೂ ಅದು ನಡೆಯದು. ಆಟೋಕ್ಯಾಡ್ ಸಬ್‌ಸ್ಕ್ರಿಪ್ಷನ್ ಹೇಗಿದ್ದರೂ ಕಟ್ಟುತ್ತಿರುವುದರಿಂದ ಬೇರೆ ಖರ್ಚಿಲ್ಲ.

ಇನ್ನೊಂದು ಮಾತು: ಭಾರತೀಯ ಮಾನಕ ಬ್ಯೂರೋದ ಎಂಜಿನಿಯರಿಂಗ್ ಡ್ರಾಯಿಂಗ್ ಕೈಪಿಡಿ ಎಸ್‌ಪಿ 46ರ ಪ್ರಕಾರ ಇಂಥ ಗೆರೆಗಳು ಹಾಯದಂತೆ ನೋಡಿಕೊಳ್ಳಬೇಕು, ಹಾಯಲೇಬೇಕಾದರೆ ಯಾವುದನ್ನೂ ತುಂಡರಿಸಬಾರದು. ಈ ನಿಯಮಕ್ಕೆ ಪಟ್ಟು ಹಿಡಿಯುವ ಗಿರಾಕಿ ಬಂದಾಗ ಮಲ್ಟಿಪಲ್ ಆರಿಸಿ ರಿಮೂವ್ ಎಂದರೆ ಸಾಕು, ಹಾಳೆಯ ಎಲ್ಲ ಗೆರೆಗಳೂ ಒಮ್ಮೆಗೇ ಮತ್ತೆ ಕೂಡಿಕೊಳ್ಳುತ್ತವೆ. ಎಕ್ಸ್‌ಪ್ಲೋಡ್ ಮಾಡಿದ್ದನ್ನಾದರೆ ಹೊಸದಾಗಿಯೇ ಹಾಕಬೇಕು.